ಮೊದಲು ಕೋಣೆ ಅಳೆ, ಆಮೇಲೆ ಡಬ್ಬ ಓದು

ಮಗಾ, ನೀನು ನಿನ್ನೆ ರಾತ್ರಿ ಫೋನಿಗೆ ಕಳಿಸಿದ ಮೂರು ಪ್ರೊಜೆಕ್ಟರ್‌ಗಳ ವಿವರವನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದೆ. ಒಂದರ ಮೇಲೆ 9,500 ಲ್ಯುಮೆನ್ ಅಂತಿದೆ. ಇನ್ನೊಂದರ ಮೇಲೆ 4ಕೆ ಅಂತ ದಪ್ಪಕ್ಷರದಲ್ಲಿದೆ. ಮೂರನೆಯದರ ಮೇಲೆ ಬರೀ 3,000 ಲ್ಯುಮೆನ್, ಬೆಲೆ ಮಾತ್ರ ಮೊದಲಿನದರ ಐದಾರು ಪಟ್ಟು. 'ದೊಡ್ಡಪ್ಪ, ಕಡಿಮೆ ಬೆಳಕಿನದಕ್ಕೆ ಜಾಸ್ತಿ ದುಡ್ಡು ಯಾಕೆ? ಯಾವುದು ತಗೊಳ್ಳೋಣ?' ಅಂತ ಕೇಳಿದ್ದೀಯ. ಊರಿನ ಶಾಲೆ ಹಾಲ್‌ನಲ್ಲಿ ಶನಿವಾರ ಶನಿವಾರ ಮಕ್ಕಳನ್ನೂ ಹೆತ್ತವರನ್ನೂ ಕೂರಿಸಿ ಸಿನಿಮಾ ತೋರಿಸಬೇಕು ಅಂತ ನೀವು ನಾಲ್ಕು ಹುಡುಗರು ಹೊರಟಿದ್ದು ಕೇಳಿ ನನಗೆ ರಾತ್ರಿ ನಿದ್ದೆ ತಡವಾಗಿ ಬಂತು. ಅದಕ್ಕೇ ಬೆಳಿಗ್ಗೆ ಎದ್ದು ಇದನ್ನು ಬರೆಯಲು ಕೂತೆ. ಒಂದೇ ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ.

ನಾನು ಹದಿನೇಳನೇ ವಯಸ್ಸಿಗೆ ಟೂರಿಂಗ್ ಟಾಕೀಸಿಗೆ ರೀಲು ಸುತ್ತುವ ಹುಡುಗನಾಗಿ ಸೇರಿದವನು. ಆಗ ಪ್ರೊಜೆಕ್ಟರಿನ ಒಳಗೆ ಬಲ್ಬ್ ಇರಲಿಲ್ಲ. ಎರಡು ಕಾರ್ಬನ್ ಕಡ್ಡಿ ಎದುರುಬದುರು ಇಟ್ಟು, ತುದಿ ತಾಕಿಸಿ ಬಿಡಿಸಿದರೆ ನಡುವೆ ಕಿಡಿ ಹತ್ತಿ ಉರಿಯುತ್ತಿತ್ತು. ಕಡ್ಡಿ ಸವೆದಂತೆ ಅಂತರ ಜಾಸ್ತಿಯಾಗುತ್ತದೆ, ಬೆಳಕು ಮಂಕಾಗುತ್ತದೆ. ಕಪ್ಪು ಗಾಜಿನ ಕಿಂಡಿಯಲ್ಲಿ ನೋಡುತ್ತಾ ಹಿಡಿಕೆ ತಿರುವಿ ಕಡ್ಡಿ ಹತ್ತಿರ ತರಬೇಕು. ಒಂದು ನಿಮಿಷ ಕಣ್ಣು ತಪ್ಪಿದರೆ ನೆಲದ ಸಾಲಿನಿಂದ 'ಏ ಆಪರೇಟರ್!' ಅಂತ ಕೂಗು, ಜೊತೆಗೆ ಬೀಡಿ ಬೆಂಕಿಪೊಟ್ಟಣ. ಹಾಗಾಗಿ ಬೆಳಕಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಟೆಂಟಿನಿಂದ ತಾಲ್ಲೂಕಿನ ಥಿಯೇಟರಿಗೆ ಬಂದು, ಕಾರ್ಬನ್ ಹೋಗಿ ಕ್ಸೆನಾನ್ ದೀಪ ಬಂದು, ಕೊನೆಗೆ ರೀಲೇ ಹೋಗಿ ಡಿಜಿಟಲ್ ಬರುವ ತನಕ ನಾನು ಆ ಕಿಂಡಿಯ ಹಿಂದೆಯೇ ಇದ್ದೆ.

ಆದರೂ ಮೋಸ ಹೋದೆ. ನಿವೃತ್ತನಾದ ಮೇಲೆ ಇಲ್ಲಿನ ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಸಾಕ್ಷ್ಯಚಿತ್ರ ತೋರಿಸಲು ಒಂದು ಸಣ್ಣ ಡಬ್ಬ ತರಿಸಿದೆ. ಡಬ್ಬದ ಮೇಲೆ ಏಳು ಸಾವಿರ ಲ್ಯುಮೆನ್ ಅಂತ ಬರೆದಿತ್ತು. ಮಧ್ಯಾಹ್ನ ಮೂರು ಗಂಟೆ, ಶಾಮಿಯಾನದ ಕೆಳಗೆ ಬಿಳಿ ಪಂಚೆ ಕಟ್ಟಿ ಗುಂಡಿ ಒತ್ತಿದೆ. ಪಂಚೆ ಪಂಚೆಯಾಗಿಯೇ ಉಳಿಯಿತು. ಹತ್ತಿರ ಹೋಗಿ ನೋಡಿದರೆ ಯಾರೋ ಮಾತಾಡುತ್ತಿರುವ ನೆರಳಿನಂತೆ ಏನೋ ಆಡುತ್ತಿತ್ತು. 'ಜೀವಮಾನ ಎಲ್ಲ ಸಿನಿಮಾ ಬಿಟ್ಟ ಯಜಮಾನರೇ ಹೀಗೆ ಮಾಡಿದ್ರಲ್ಲ' ಅಂತ ಯಾರೋ ನಕ್ಕರು. ಡಬ್ಬ ಸುಳ್ಳು ಹೇಳಿದ್ದು ನಿಜ. ಆದರೆ ನಲವತ್ತು ವರ್ಷದ ಕಸುಬು ಮರೆತು, ಹಗಲಲ್ಲಿ ಪರದೆ ಕಟ್ಟಿದ ತಪ್ಪು ನನ್ನದೇ.

ಈಗ ಲ್ಯುಮೆನ್ ಅಂದರೇನು ಅಂತ ತಿಳಿದುಕೋ. ಪ್ರೊಜೆಕ್ಟರಿನಿಂದ ಹೊರಬಂದು ಪರದೆ ಮುಟ್ಟುವ ಒಟ್ಟು ಬೆಳಕಿನ ಲೆಕ್ಕ ಅದು. ಅದನ್ನು ಅಳೆಯಲು ಕ್ರಮವಿದೆ. ಪರದೆ ತುಂಬ ಬಿಳಿ ಬೆಳಕು ಬಿಟ್ಟು, ಪರದೆಯನ್ನು ಒಂಬತ್ತು ಚೌಕ ಮಾಡಿ, ಪ್ರತಿ ಚೌಕದ ನಡುವೆ ಬೆಳಕನ್ನು ಅಳೆದು, ಸರಾಸರಿ ತೆಗೆದು, ಅದನ್ನು ಪರದೆಯ ವಿಸ್ತೀರ್ಣದಿಂದ ಗುಣಿಸುತ್ತಾರೆ. ಹೀಗೆ ಬಂದದ್ದು ಆನ್ಸಿ ಲ್ಯುಮೆನ್. ಇದೇ ದಾರಿಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 21118. ವಿವರದಲ್ಲಿ ಈ ಎರಡರಲ್ಲಿ ಒಂದು ಹೆಸರು ಇದ್ದರೆ ಆ ಅಂಕಿಯನ್ನು ಮಾತಾಡಿಸು. 'ಎಲ್‌ಇಡಿ ಲ್ಯುಮೆನ್', 'ಬೆಳಕಿನ ಮೂಲದ ಲ್ಯುಮೆನ್' ಅಂತಲೋ, ಹೆಸರೇ ಇಲ್ಲದ ಬರೀ 'ಲ್ಯುಮೆನ್' ಅಂತಲೋ ಇದ್ದರೆ ಅದು ಹಸು ಕರೆದ ಲೆಕ್ಕ, ಡೇರಿಯಲ್ಲಿ ಅಳೆದ ಲೆಕ್ಕ ಅಲ್ಲ. ದಾರಿಯಲ್ಲಿ ಎಷ್ಟು ಚೆಲ್ಲಿತು ಅಂತ ಅವರು ಹೇಳುವುದಿಲ್ಲ. ಇಂಥ ಅಗ್ಗದ ಡಬ್ಬಗಳಲ್ಲಿ ಪರದೆಗೆ ನಿಜವಾಗಿ ತಲುಪುವುದು ಎಷ್ಟೋ ಸಲ ಕೆಲವು ನೂರು ಲ್ಯುಮೆನ್ ಮಾತ್ರ. ನಿನ್ನ 3,000ದ ಯಂತ್ರ ದುಬಾರಿ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು 3,000 ನಿಮಗೆ ಸಾಕೇ? ಇದನ್ನು ಡಬ್ಬ ಹೇಳಲಾರದು, ನಿಮ್ಮ ಹಾಲ್ ಹೇಳಬೇಕು. ನನಗೆ ನೆನಪಿರುವಂತೆ ಆ ಹಾಲ್ ಸುಮಾರು 30 ಅಡಿ ಉದ್ದ, 20 ಅಡಿ ಅಗಲ. ಅಲ್ಲಿ 10 ಅಡಿ ಅಗಲದ ಚಿತ್ರ ಬೇಕು ಅಂದುಕೋ. 16:9ರ ಅಳತೆಯಲ್ಲಿ ಎತ್ತರ ಐದೂವರೆ ಅಡಿ ಚಿಲ್ಲರೆ ಬರುತ್ತದೆ. ಮೀಟರಿನಲ್ಲಿ ಹೇಳಿದರೆ 3ಕ್ಕೆ 1.7, ವಿಸ್ತೀರ್ಣ 5.1 ಚದರ ಮೀಟರ್. 3,000 ಲ್ಯುಮೆನ್ ಬೆಳಕನ್ನು ಅಷ್ಟು ಜಾಗಕ್ಕೆ ಹಂಚಿದರೆ ಚದರ ಮೀಟರಿಗೆ ಸುಮಾರು 590. ಅದಕ್ಕೆ ಲಕ್ಸ್ ಅನ್ನುತ್ತಾರೆ.

ಈಗ ಹಾಲ್‌ನ ಟ್ಯೂಬ್‌ಲೈಟ್ ಹಾಕು. ಓದಲು ಬರೆಯಲು ಸಾಕಾಗುವ ತರಗತಿಯಲ್ಲಿ ಸುಮಾರು 300 ಲಕ್ಸ್ ಬೆಳಕಿರುತ್ತದೆ. ಅದು ಪರದೆಯ ಮೇಲೂ ಬೀಳುತ್ತದೆ. ಚಿತ್ರದ ಬಿಳಿ ಭಾಗದಲ್ಲಿ 590ಕ್ಕೆ 300 ಸೇರಿ 890. ಕಪ್ಪು ಭಾಗದಲ್ಲಿ ಯಂತ್ರ ಏನೂ ಬಿಡದಿದ್ದರೂ 300. ಅಂದರೆ ಬಿಳಿಗೂ ಕಪ್ಪಿಗೂ ಮೂರು ಪಟ್ಟು ಅಂತರ, ಅಷ್ಟೇ. ಡಬ್ಬದ ಮೇಲೆ ಕಾಂಟ್ರಾಸ್ಟ್ 20,000ಕ್ಕೆ 1 ಅಂತ ಬರೆದಿರಲಿ, 1,00,000ಕ್ಕೆ 1 ಅಂತ ಬರೆದಿರಲಿ, ದೀಪ ಉರಿಯುವ ಕೋಣೆಯಲ್ಲಿ ನಿನಗೆ ಸಿಗುವುದು ಮೂರಕ್ಕೆ ಒಂದು. ಯಾವ ಪ್ರೊಜೆಕ್ಟರೂ ಕಪ್ಪು ಬಣ್ಣ ಬಿಡಲಾರದು ಮಗಾ. ಪರದೆಯ ಮೇಲಿನ ಕಪ್ಪು ಅಂದರೆ ಆ ಕೋಣೆಯ ಕತ್ತಲು. ಕತ್ತಲು ನೀನು ಕೊಡಬೇಕು.

ದೀಪ ಆರಿಸಿ, ಕಿಟಕಿ ಮುಚ್ಚಿದರೆ ಲೆಕ್ಕ ತಿರುಗುತ್ತದೆ. ಥಿಯೇಟರಿನ ಪರದೆ ಎಷ್ಟು ಬೆಳಗಬೇಕು ಅನ್ನುವುದಕ್ಕೆ ಚಿತ್ರೋದ್ಯಮದಲ್ಲಿ ಒಂದು ಅಳತೆ ಇದೆ: 14 ಫೂಟ್‌ಲ್ಯಾಂಬರ್ಟ್. ನಿಮ್ಮ 10 ಅಡಿಯ ಸಾಧಾರಣ ಬಿಳಿ ಪರದೆಗೆ ಆ ಮಟ್ಟ ಬರಲು ಸುಮಾರು 770 ಲ್ಯುಮೆನ್ ಸಾಕು. ಹಾಗಾದರೆ 3,000 ಯಾಕೆ ಅಂತ ಕೇಳು. ದೀಪದ ಯಂತ್ರದ ಬೆಳಕು ವಯಸ್ಸಾದಂತೆ ಇಳಿಯುತ್ತದೆ. ದೀಪದ ಆಯುಷ್ಯ ಅಂತ ಕಂಪನಿಯವರು ಬರೆಯುವುದೇ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ಗಂಟೆಯನ್ನು. 3,000 ಹೋಗಿ 1,500 ಆಯಿತು. ಡಬ್ಬದ ಅಂಕಿ ಕಣ್ಣು ಕುಕ್ಕುವ 'ಡೈನಾಮಿಕ್' ಮೋಡಿನದು, ಅದರಲ್ಲಿ ಮುಖಗಳು ಹಸಿರುಗಟ್ಟುತ್ತವೆ. ಬಣ್ಣ ಸರಿ ಕಾಣುವ 'ಸಿನಿಮಾ' ಮೋಡಿಗೆ ತಂದರೆ ಕೆಲವು ಯಂತ್ರಗಳಲ್ಲಿ ಮತ್ತೆ ಅರ್ಧ. 750 ಉಳಿಯಿತು. ಕೊನೆಗಾಲದಲ್ಲೂ ನಿಮ್ಮ ಹಾಲ್‌ಗೆ ಹೆಚ್ಚುಕಡಿಮೆ ಸಾಲುವ ಯಂತ್ರ ಅದು. ಕತ್ತಲು ಇದ್ದರೆ ಮಾತ್ರ.

ನಮ್ಮ ಟೆಂಟಿನಲ್ಲಿ ಮ್ಯಾಟಿನಿ ಇರಲಿಲ್ಲ. ಬಟ್ಟೆಯ ಗೋಡೆಗೆ ಹಗಲನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಹೊತ್ತು ಮುಳುಗಿದ ಮೇಲೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಾಗುತ್ತಿತ್ತು, ಆಟ ಶುರುವಾಗುತ್ತದೆ, ಗಾಡಿ ಹೂಡಿ ಅಂತ. ಆ ಹಾಡು ಭಕ್ತಿಗೆ ಎಷ್ಟೋ, ಕತ್ತಲಿಗೂ ಅಷ್ಟೇ. ನೀವೂ ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ. ಕಿಟಕಿಗಳಿಗೆ ಕಪ್ಪು ಬಟ್ಟೆಯೋ ಹಳೆಯ ಕಂಬಳಿಯೋ ಹಾಕಿ. ಅದಕ್ಕೆ ಆಗುವ ಖರ್ಚಿನಲ್ಲಿ ಸಿಗುವಷ್ಟು ಅನುಕೂಲ ಅಂಗಡಿಯ ಯಾವ ಲ್ಯುಮೆನ್‌ನಲ್ಲೂ ಸಿಗದು. ಹಗಲಲ್ಲೇ ಪಾಠಕ್ಕೆ ಬಳಸಬೇಕು ಅಂತ ಮೇಷ್ಟ್ರು ಕೇಳಿದರೆ ಪರದೆಯ ಹತ್ತಿರದ ಸಾಲಿನ ದೀಪವನ್ನಾದರೂ ಬೇರೆ ಸ್ವಿಚ್ಚಿಗೆ ಹಾಕಿಸಿ, ಚಿತ್ರವನ್ನು ಐದು ಅಡಿ ಅಗಲಕ್ಕೆ ಇಳಿಸಿ. ಅಗಲ ಅರ್ಧ ಮಾಡಿದರೆ ಬೆಳಕು ನಾಲ್ಕು ಪಟ್ಟು ದಟ್ಟವಾಗುತ್ತದೆ.

ಈಗ ಯಂತ್ರ ಎಲ್ಲಿ ಇಡುತ್ತೀರಿ? ವಿವರದಲ್ಲಿ 'ಥ್ರೋ ರೇಶಿಯೋ' ಅಂತ ಒಂದು ಅಂಕಿ ಇರುತ್ತದೆ, ಯಾರೂ ಓದುವುದಿಲ್ಲ. ಪರದೆಯಿಂದ ಲೆನ್ಸಿಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದು ಅದು. 1.5 ಅಂತಿದ್ದರೆ, 10 ಅಡಿ ಅಗಲದ ಚಿತ್ರಕ್ಕೆ ಯಂತ್ರ 15 ಅಡಿ ದೂರ ಇರಬೇಕು. ಅಂದರೆ ನಿಮ್ಮ ಹಾಲ್‌ನ ನಟ್ಟನಡುವೆ, ಜನರ ಮಧ್ಯೆ! ಥಿಯೇಟರಿನ ಹಾಗೆ ಹಿಂದಿನ ಗೋಡೆಗೆ, 28 ಅಡಿಗೆ ಇಟ್ಟರೆ ಚಿತ್ರ ಹದಿನೆಂಟೂವರೆ ಅಡಿ ಅಗಲವಾಗಿ ಗೋಡೆ ತುಂಬಾ ಹರಡುತ್ತದೆ, ಬೆಳಕು ಮೂರನೇ ಒಂದು ಪಾಲಿಗೂ ಕಡಿಮೆಯಾಗುತ್ತದೆ. 'ಶಾರ್ಟ್ ಥ್ರೋ' ಅನ್ನುವ ಯಂತ್ರಗಳಲ್ಲಿ ಈ ಅಂಕಿ 0.5ರ ಆಸುಪಾಸು ಇರುತ್ತದೆ, 10 ಅಡಿ ಚಿತ್ರಕ್ಕೆ 5 ಅಡಿ ದೂರ ಸಾಕು. ಪಾಠ ಮಾಡುವವರ ನೆರಳು ಪರದೆಯ ಮೇಲೆ ಬೀಳಬಾರದ ತರಗತಿಗೆ ಅದು ಒಳ್ಳೆಯದು. ನಿಮ್ಮ ಹಾಲ್‌ಗೆ ಮಾಮೂಲಿಯದೇ ಸಾಕು, ಆದರೆ ಚಾವಣಿಯಿಂದ ತಲೆಕೆಳಗಾಗಿ ತೂಗುಹಾಕಬೇಕು. ಕೊಕ್ಕೆ ಎಲ್ಲಿ ಬರಬೇಕು ಅಂತ ಈ ಲೆಕ್ಕ ಮಾಡಿದ ಮೇಲೆ ಡ್ರಿಲ್ ಹಿಡಿ.

ಬೆಂಚಿನ ಮೇಲೆಯೇ ಇಡುವುದಾದರೆ ಎತ್ತರ ನೋಡಿಕೋ. ಬಹುಪಾಲು ಯಂತ್ರಗಳು ಚಿತ್ರವನ್ನು ಲೆನ್ಸಿನ ಮಟ್ಟದಿಂದ ಮೇಲಕ್ಕೆ ಎಸೆಯುವಂತೆ ಮಾಡಿರುತ್ತಾರೆ. ಚಿತ್ರದ ಕೆಳ ಅಂಚು ನೆಲದಿಂದ 4 ಅಡಿ ಎತ್ತರ ಇರಬೇಕಾದರೆ, ಲೆನ್ಸೂ ಹೆಚ್ಚುಕಡಿಮೆ ಆ ಮಟ್ಟಕ್ಕೇ ಬರಬೇಕು. ಗಿಡ್ಡ ಮೇಜಿನ ಮೇಲಿಟ್ಟು ಮೂತಿ ಮೇಲೆತ್ತಿದರೆ ಚಿತ್ರ ಮೇಲ್ಗಡೆ ಅಗಲ, ಕೆಳಗಡೆ ಕಿರಿದು, ಮೊರದ ಆಕಾರ ಆಗುತ್ತದೆ. ಅದಕ್ಕೆ 'ಕೀಸ್ಟೋನ್' ಗುಂಡಿ ಇದೆಯಲ್ಲ ಅಂತೀಯ. ಆ ಗುಂಡಿ ಅಂಚಿನ ಚುಕ್ಕೆಗಳನ್ನು ಆರಿಸಿ, ಉಳಿದವುಗಳ ಒಳಗೆ ಚಿತ್ರವನ್ನು ಹಿಸುಕುತ್ತದೆ. ಚೂಪು ಹೋಗುತ್ತದೆ, ಬೆಳಕೂ ಹೋಗುತ್ತದೆ. ಯಂತ್ರವನ್ನು ಪರದೆಗೆ ನೇರ ಮಾಡಿ, ಕೀಸ್ಟೋನನ್ನು ಸೊನ್ನೆಯಲ್ಲಿಡು. ಲೆನ್ಸನ್ನೇ ಮೇಲೆ ಕೆಳಗೆ ಸರಿಸುವ 'ಲೆನ್ಸ್ ಶಿಫ್ಟ್' ಇರುವ ಯಂತ್ರ ಸಿಕ್ಕರೆ ಬಿಡಬೇಡ, ಅದು ಚುಕ್ಕೆ ತಿನ್ನುವುದಿಲ್ಲ. ಯಂತ್ರ ಬಿಸಿಯಾಗಿ ಇಪ್ಪತ್ತು ನಿಮಿಷ ಆದ ಮೇಲೆ ಫೋಕಸ್ ಇನ್ನೊಮ್ಮೆ ನೋಡು. ಮುಖ ನೋಡಿ ಫೋಕಸ್ ಮಾಡಬೇಡ, ಅಕ್ಷರ ನೋಡಿ ಮಾಡು. ಸಬ್‌ಟೈಟಲ್ ಚೂಪಾದರೆ ಎಲ್ಲವೂ ಚೂಪು.

4ಕೆ ವಿಷಯ. ಡಿಜಿಟಲ್ ಚಿತ್ರ ಅಂದರೆ ಚುಕ್ಕೆಗಳ ರಂಗೋಲಿ. 1280×800ರಲ್ಲಿ ಹತ್ತು ಲಕ್ಷದಷ್ಟು ಚುಕ್ಕೆ, ಫುಲ್ ಎಚ್‌ಡಿ ಅನ್ನುವ 1920×1080ರಲ್ಲಿ ಇಪ್ಪತ್ತು ಲಕ್ಷ ಚಿಲ್ಲರೆ, 3840×2160ರ 4ಕೆಯಲ್ಲಿ ಎಂಬತ್ತು ಲಕ್ಷ ಮೀರಿ. ಕಳಿಸಿದ ವಿವರದಲ್ಲಿ ನೀನು ಎರಡು ಪದ ಬೇರೆ ಮಾಡಬೇಕು: 'ನೇಟಿವ್' ಮತ್ತು 'ಸಪೋರ್ಟೆಡ್'. ನೇಟಿವ್ ಅಂದರೆ ಯಂತ್ರದೊಳಗೆ ನಿಜವಾಗಿ ಇರುವ ಚುಕ್ಕೆ. ಸಪೋರ್ಟೆಡ್ ಅಂದರೆ ಅಷ್ಟು ದೊಡ್ಡ ಚಿತ್ರ ಕೊಟ್ಟರೆ ಬೇಡ ಅನ್ನುವುದಿಲ್ಲ, ನುಂಗಿ ತನ್ನ ಅಳತೆಗೆ ಕುಗ್ಗಿಸುತ್ತದೆ ಅಂತ. ನಿನ್ನ 4ಕೆ ಡಬ್ಬದ ಕೆಳಗಡೆ ಸಣ್ಣಕ್ಷರದಲ್ಲಿ ನೇಟಿವ್ 1280×720 ಅಂತಿದೆ, ನೋಡಿದೆಯಾ?

ನಿಜವಾದ 4ಕೆಯೇ ಕೊಂಡರೂ ನಿಮ್ಮ ಹಾಲ್‌ನಲ್ಲಿ ಯಾರಿಗೆ ಕಾಣುತ್ತದೆ ಅಂತ ಲೆಕ್ಕ ಹಾಕು. ಒಳ್ಳೆಯ ಕಣ್ಣು 9 ಮೀಟರ್ ದೂರದಿಂದ ಬೇರೆ ಮಾಡಿ ನೋಡಬಲ್ಲ ಚುಕ್ಕೆಯ ಅಳತೆ ಸುಮಾರು 2.6 ಮಿಲಿಮೀಟರ್. 3 ಮೀಟರ್ ಅಗಲದ ಫುಲ್ ಎಚ್‌ಡಿ ಚಿತ್ರದಲ್ಲಿ ಒಂದು ಚುಕ್ಕೆ 1.6 ಮಿಲಿಮೀಟರ್‌ಗಿಂತ ಚಿಕ್ಕದು. ಹಿಂದಿನ ಸಾಲಿನವರಿಗೆ ಅದೇ ಹೆಚ್ಚಾಯಿತು. ನಾಲ್ಕು ಮೀಟರ್ ದೂರದ ಮುಂದಿನ ಸಾಲಿನ ಮಕ್ಕಳಿಗೆ ಕೊಂಚ ವ್ಯತ್ಯಾಸ ಕಂಡೀತು, ಆದರೆ ಅವರು ಚುಕ್ಕೆ ಎಣಿಸಲು ಬಂದವರಲ್ಲ. ಫುಲ್ ಎಚ್‌ಡಿ ನೇಟಿವ್ ಇರುವುದನ್ನು ತಗೊಂಡು ಉಳಿದ ದುಡ್ಡನ್ನು ಸ್ಪೀಕರಿಗೆ ಇಡು.

ಯಂತ್ರದ ಹೊಟ್ಟೆಯಲ್ಲಿ ಎರಡು ಬಗೆ ಮುಖ್ಯ. ಒಂದು ಮೂರು ಎಲ್‌ಸಿಡಿ ಫಲಕದ್ದು. ದೀಪದ ಬೆಳಕನ್ನು ಕನ್ನಡಿಗಳಿಂದ ಕೆಂಪು, ಹಸಿರು, ನೀಲಿ ಮಾಡಿ ಬೇರೆ ಬೇರೆ ಫಲಕ ಹಾಯಿಸಿ, ಪಟ್ಟಕದಲ್ಲಿ ಮತ್ತೆ ಕೂಡಿಸುತ್ತದೆ. ಇನ್ನೊಂದು ಡಿಎಲ್‌ಪಿ. ಇದರಲ್ಲಿ ಉಗುರಗಲದ ಚಿಪ್ಪಿನ ಮೇಲೆ ಲಕ್ಷಾಂತರ ಪುಟಾಣಿ ಕನ್ನಡಿಗಳು, ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಅತ್ತ ಇತ್ತ ವಾಲಿ ಬೆಳಕನ್ನು ಪರದೆಗೋ ಪಕ್ಕಕ್ಕೋ ಕಳಿಸುತ್ತವೆ. 1987ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಈ ಚಿಪ್ಪನ್ನು ಕಂಡುಹಿಡಿದರು, ಆಸ್ಕರ್ ಕೊಡುವ ಅಕಾಡೆಮಿ ಅವರನ್ನೂ ಗೌರವಿಸಿತು. ನನ್ನ ರೀಲಿನ ಕಾಲ ಮುಗಿಸಿದ್ದು ಆ ಕನ್ನಡಿಗಳು. ಸಿಟ್ಟಿಲ್ಲ, ಬೆರಗಿದೆ. ಒಂದೇ ಚಿಪ್ಪಿನ ಡಿಎಲ್‌ಪಿಯಲ್ಲಿ ಬಣ್ಣಗಳು ತಿರುಗುವ ಚಕ್ರದಿಂದ ಒಂದರ ಹಿಂದೆ ಒಂದು ಬರುತ್ತವೆ. ಕೆಲವರ ಕಣ್ಣಿಗೆ ಅಂಚಿನಲ್ಲಿ ಕಾಮನಬಿಲ್ಲು ಮಿಂಚಿ ತಲೆನೋವು ಬರುವುದುಂಟು. ಆ ಚಕ್ರದಲ್ಲಿ ಬಿಳಿ ತುಂಡೂ ಇದ್ದರೆ ಬಿಳಿಯ ಲ್ಯುಮೆನ್ ಜಾಸ್ತಿ ತೋರಿ ಬಣ್ಣದ ಬೆಳಕು ಅರ್ಧಕ್ಕೂ ಇಳಿಯಬಹುದು. ಹಾಗಾಗಿ ಕೊಳ್ಳುವ ಮೊದಲು ಅಂಗಡಿಯಲ್ಲಿ ಅರಿಶಿನ, ಕುಂಕುಮ, ಮನುಷ್ಯರ ಮುಖ ಇರುವ ಒಂದು ದೃಶ್ಯ ಹಾಕಿಸಿ ನೋಡು. ಎಲ್‌ಸಿಡಿಯ ತೊಂದರೆ ಬೇರೆ, ಅದಕ್ಕೆ ಧೂಳು ಆಗಿಬರದು.

ದೀಪವೋ ಲೇಸರೋ ಅನ್ನುವುದಕ್ಕೂ ಲೆಕ್ಕವೇ ಉತ್ತರ. ಪಾದರಸದ ದೀಪ 4,000 ಗಂಟೆ ಬಾಳುತ್ತದೆ ಅಂತಿಟ್ಟುಕೋ, ಲೇಸರ್ 20,000 ಗಂಟೆ. ವಾರಕ್ಕೊಂದು ಮೂರು ಗಂಟೆಯ ಸಿನಿಮಾ, ವರ್ಷಕ್ಕೆ 156 ಗಂಟೆ. ಗಂಟೆಯ ಲೆಕ್ಕದಲ್ಲಿ ಆ ದೀಪವೇ ಇಪ್ಪತ್ತೈದು ವರ್ಷ ಬರಬೇಕು! ಅಷ್ಟರೊಳಗೆ ಬೇರೆ ಭಾಗ ಹಾಳಾಗುತ್ತದೆ. ದಿನಕ್ಕೆ ಐದು ಗಂಟೆ, ವರ್ಷಕ್ಕೆ 200 ದಿನ ಪಾಠಕ್ಕೂ ಬಳಸುತ್ತಾರೆ ಅಂದರೆ ಮಾತ್ರ ನಾಲ್ಕೇ ವರ್ಷದಲ್ಲಿ ದೀಪ ಮುಗಿಯುತ್ತದೆ, ಆಗ ಲೇಸರಿಗೆ ಕೊಟ್ಟ ದುಡ್ಡು ವಸೂಲಿ. ಆದರೆ ಲೇಸರಿಗೆ ಇನ್ನೊಂದು ಗುಣವಿದೆ, ಅದು ನಮ್ಮ ಊರಿನ ಕರೆಂಟಿಗೆ ಸಂಬಂಧಿಸಿದ್ದು.

ದೀಪದ ಯಂತ್ರ ನಿಲ್ಲಿಸುವಾಗ ಗುಂಡಿ ಒತ್ತಿದ ಮೇಲೆ ಫ್ಯಾನು ಒಂದೆರಡು ನಿಮಿಷ ತಿರುಗಿ ದೀಪವನ್ನು ತಣಿಸುತ್ತದೆ. ಆ ಪುಟ್ಟ ಗಾಜಿನ ಬುರುಡೆಯೊಳಗೆ ಉರಿಯುವಾಗ ಇನ್ನೂರು ವಾಯುಮಂಡಲದಷ್ಟು ಒತ್ತಡ ಇರುತ್ತದೆ. ಫ್ಯಾನು ನಿಲ್ಲುವ ಮುಂಚೆ ಪ್ಲಗ್ ಕಿತ್ತರೆ, ಬಿಸಿ ಒಳಗೇ ಕೂತು ದೀಪದ ಆಯುಷ್ಯ ತಿನ್ನುತ್ತದೆ. ಸಿನಿಮಾ ನಡುವೆ ಕರೆಂಟ್ ಹೋದರೂ ಇದೇ ಕಥೆ. ಜೊತೆಗೆ ಕರೆಂಟ್ ಬಂದ ತಕ್ಷಣ ಬಿಸಿ ದೀಪ ಹತ್ತುವುದಿಲ್ಲ, ತಣಿಯುವ ತನಕ ಜನ ಕತ್ತಲಲ್ಲಿ ಕಾಯಬೇಕು. ಲೇಸರ್, ಎಲ್‌ಇಡಿಗೆ ಈ ರಗಳೆ ಇಲ್ಲ. ದೀಪದ್ದೇ ತಗೊಂಡರೆ ಯುಪಿಎಸ್ ಜೊತೆಗೇ ತಗೋ. ಯಂತ್ರ ಸುಮಾರು 300 ವ್ಯಾಟ್ ಎಳೆಯುತ್ತದೆ, ಅದಕ್ಕೆ ತಕ್ಕದ್ದು ನೋಡು. ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡಿಗೆ ಹಾಕು. ಹೊಸ ದೀಪ ಹಾಕುವಾಗ ಗಾಜಿಗೆ ಬೆರಳು ತಾಕಿಸಬೇಡ, ಎಣ್ಣೆ ಪಸೆ ಕೂತ ಕಡೆ ಕಾದು ಒಡೆಯುತ್ತದೆ. ಎಂದಾದರೂ 'ಟಪ್' ಅಂತ ದೀಪ ಸಿಡಿದರೆ ಪ್ಲಗ್ ತೆಗೆದು, ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು ನೀನೂ ಹೊರಗೆ ನಿಲ್ಲು. ಅದರೊಳಗೆ ಪಾದರಸ ಇದೆ. ಯಾವ ಯಂತ್ರವೇ ಆಗಲಿ, ಉರಿಯುವ ಲೆನ್ಸಿನೊಳಕ್ಕೆ ಮಕ್ಕಳು ಇಣುಕದಂತೆ ನೋಡಿಕೋ.

ಧೂಳು, ಹುಳು, ತೇವ, ಈ ಮೂರೂ ನಮ್ಮ ಕಡೆಯ ಶತ್ರುಗಳು. ಗಾಳಿ ಎಳೆಯುವ ಕಿಂಡಿಯ ಜಾಲರಿಯನ್ನು ತಿಂಗಳಿಗೊಮ್ಮೆ ತೆಗೆದು ಕೊಡವು. ಫಲಕದ ಮೇಲೆ ಧೂಳು ಕೂತರೆ ಪರದೆಯಲ್ಲಿ ಕಾಸಿನಗಲದ ಮಂಜು ಮಚ್ಚೆ ಬಂದು ನಾಯಕಿಯ ಕೆನ್ನೆ ಮೇಲೆ ನಿಲ್ಲುತ್ತದೆ. ಮುಂಗಾರು ಶುರುವಾದಾಗ ಈಚಲು ಹುಳು ಬೆಳಕಿಗೆ ಮುತ್ತಿ ಬಿಸಿ ಕಿಂಡಿಯೊಳಗೆ ಹೋಗುತ್ತವೆ, ಆ ವಾರ ಬಾಗಿಲ ಹೊರಗೆ ಒಂದು ಬಲ್ಬ್ ಉರಿಸಿಡಿ, ಅಲ್ಲೇ ಸೇರುತ್ತವೆ. ಸುತ್ತ ಒಂದಡಿ ಜಾಗ ಬಿಡು, ಉರಿಯುವಾಗ ಮೇಲೆ ಬಟ್ಟೆ ಹೊದಿಸಬೇಡ. ಮಳೆಗಾಲದಲ್ಲಿ ಎತ್ತಿಡುವಾಗ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಡು, ಲೆನ್ಸಿಗೆ ಬೂಷ್ಟು ಬಂದರೆ ಹೋಗದು. ಲೆನ್ಸ್ ಒರೆಸಲು ಪಂಚೆ ಅಂಚು ಬೇಡ. ಗಾಳಿಯ ಬುರುಡೆ ಒತ್ತಿ ಧೂಳು ಹಾರಿಸು, ಆಮೇಲೆ ಮೆತ್ತನೆಯ ಲೆನ್ಸ್ ಬಟ್ಟೆ. ಹಳೆಯ ಯಂತ್ರ ಕೊಳ್ಳುವುದಾದರೆ ಮೆನುವಿನಲ್ಲಿ ದೀಪ ಉರಿದ ಗಂಟೆ ನೋಡಿ, ಪೂರ್ತಿ ಬಿಳಿ, ಪೂರ್ತಿ ನೀಲಿ, ಪೂರ್ತಿ ಕಪ್ಪು ಹಾಕಿಸಿ ನೋಡು. ಮಚ್ಚೆ, ಹಳದಿ ಬಣ್ಣ, ಸತ್ತ ಚುಕ್ಕೆ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಪರದೆಗೆ ದುಡ್ಡಿಲ್ಲದಿದ್ದರೆ ಗೋಡೆಯೇ ಸಾಕು. ಹೊಳಪಿಲ್ಲದ ಬಿಳಿ ಎಮಲ್ಷನ್ ಎರಡು ಕೈ ಹೊಡೆಸಿ, ಸುತ್ತ ನಾಲ್ಕು ಬೆರಳಗಲ ಕಪ್ಪು ಪಟ್ಟಿ ಬಳಿಸಿ. ಶಾಲೆಯ ತಿಳಿಹಸಿರು ಗೋಡೆಗೇ ಬಿಟ್ಟರೆ ಎಲ್ಲರ ಮುಖಕ್ಕೂ ಕಾಮಾಲೆ. ಕಪ್ಪು ಅಂಚು ಇದ್ದರೆ ಚಿತ್ರ ಎದ್ದು ಕಾಣುತ್ತದೆ, ನಮ್ಮ ಥಿಯೇಟರಿನ ಪರದೆಗೂ ಅದು ಇತ್ತು.

ಸದ್ದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ಪ್ರೊಜೆಕ್ಟರಿನೊಳಗಿನ ಸ್ಪೀಕರ್ ಒಂದು ಕೋಣೆಯ ಮೀಟಿಂಗಿಗೆ ಆದೀತು, ಅದೂ ಫ್ಯಾನಿನ ಪಕ್ಕದಲ್ಲಿ, ಜನರ ತಲೆಯ ಮೇಲೆ ಕೂತಿರುತ್ತದೆ. ತುಟಿ ಆಡುವುದು ಮುಂದೆ, ಮಾತು ಬರುವುದು ಮೇಲಿಂದ ಅಂದರೆ ಮನಸ್ಸು ಕಥೆಯಲ್ಲಿ ನಿಲ್ಲುವುದಿಲ್ಲ. ಥಿಯೇಟರಿನಲ್ಲಿ ಪರದೆಗೆ ಸಣ್ಣ ತೂತು ಮಾಡಿ ಸ್ಪೀಕರನ್ನು ಹಿಂದೆ ಇಡುವುದು ಅದಕ್ಕೇ. ನೀವು ಎರಡು ಪೆಟ್ಟಿಗೆಯನ್ನು ಪರದೆಯ ಎರಡು ಪಕ್ಕ ಇಡಿ, ತಂತಿಯಲ್ಲೇ ಜೋಡಿಸಿ. ಬ್ಲೂಟೂತ್ ಹಾಕಿದರೆ ಮಾತು ತುಟಿಗಿಂತ ಹಿಂದೆ ಬೀಳುತ್ತದೆ. ಸಿಮೆಂಟ್ ಹಾಲ್ ಗುಂಯ್‌ಗುಡುತ್ತದೆ. ಕಿಟಕಿಗೆ ಕಟ್ಟಿದ ಕಂಬಳಿ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಎಚ್‌ಡಿಎಂಐ ಕೇಬಲ್ ಹತ್ತು ಹದಿನೈದು ಮೀಟರ್ ದಾಟಿದರೆ ಮಾಮೂಲಿಯದು ನೆಚ್ಚಬೇಡ. ಸಿನಿಮಾದ ಚಿತ್ರಗಳು ಸೆಕೆಂಡಿಗೆ 24. ಪ್ಲೇಯರಿನಲ್ಲಿ 24ರ ಆಯ್ಕೆ ಇದ್ದರೆ ಹಾಕು, ಕ್ಯಾಮೆರಾ ತಿರುಗುವಾಗಿನ ಕುಲುಕಾಟ ಹೋಗುತ್ತದೆ.

ಇನ್ನೊಂದು ಮಾತು, ಕಹಿಯಾದರೂ ಕೇಳು. ಮೊಬೈಲಿನಲ್ಲಿ ಚಂದಾ ಕಟ್ಟಿದ್ದೀವಿ ಅಂತ ಅದನ್ನು ಊರಿಗೆಲ್ಲ ತೋರಿಸಲು ಬರುವುದಿಲ್ಲ, ಆ ಚಂದಾ ಮನೆಗೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಿಕ್ಷಣ ಸಂಸ್ಥೆ ತನ್ನ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಹೆತ್ತವರಿಗೆ ಚಿತ್ರ ತೋರಿಸಲು ವಿನಾಯಿತಿ ಇದೆ. ಹಾಗಾಗಿ ಮುಖ್ಯೋಪಾಧ್ಯಾಯರನ್ನು ಜೊತೆಗೆ ಸೇರಿಸಿಕೊಂಡು, ಶಾಲೆಯ ಕಾರ್ಯಕ್ರಮವಾಗಿಯೇ ನಡೆಸಿ. ಟಿಕೆಟ್ ಇಡಬೇಡಿ. ಹೊರಗಿನವರನ್ನು ಕರೆಯುವ ದಿನ ಹಕ್ಕುದಾರರ ಒಪ್ಪಿಗೆ ಬರೆಸಿಕೊಳ್ಳಿ. ಹಳ್ಳಿಯಲ್ಲಿ ಯಾರು ಕೇಳುತ್ತಾರೆ ಅನ್ನಬೇಡ, ಮಕ್ಕಳು ನೋಡುತ್ತಿರುತ್ತಾರೆ.

ಹಳ್ಳಿಯಲ್ಲಿ ಒಳ್ಳೆ ಸಿನಿಮಾ ಯಾರು ನೋಡುತ್ತಾರೆ ಅಂತಲೂ ಯಾರಾದರೂ ಹೇಳುತ್ತಾರೆ. ಅವರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ಹೆಸರು ಹೇಳು. ಅಡಿಕೆ ತೋಟದ ಆ ಊರಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಜಗತ್ತಿನ ಚಿತ್ರಗಳನ್ನು ರೈತರ ಮುಂದೆ ಇಟ್ಟರು. ಅವರ ಕೆಲಸಕ್ಕೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಶುರು ಮಾಡಿದಾಗ ನಿನ್ನ ಮೂರು ಡಬ್ಬಗಳಲ್ಲಿ ಒಂದೂ ಹುಟ್ಟಿರಲಿಲ್ಲ.

ಇನ್ನು ನಿನ್ನ ಕೆಲಸ. ದುಡ್ಡು ಕಟ್ಟಬೇಡ, ಇನ್ನೊಂದು ವಾರ ತಡೆ. ಬರುವ ಶನಿವಾರ ಸಂಜೆ ಏಳಕ್ಕೆ ಟೇಪು ಹಿಡಿದು ಹಾಲ್‌ಗೆ ಹೋಗು. ಉದ್ದ, ಅಗಲ, ಚಾವಣಿಯ ಎತ್ತರ, ಪ್ಲಗ್ ಇರುವ ಜಾಗ, ಕಿಟಕಿಗಳ ಅಳತೆ ಬರೆದುಕೋ. ಎಲ್ಲ ದೀಪ ಆರಿಸಿ, ಐದು ನಿಮಿಷ ಸುಮ್ಮನೆ ಕೂತು, ಎಲ್ಲೆಲ್ಲಿಂದ ಬೆಳಕು ಒಳಗೆ ಬರುತ್ತದೆ ನೋಡು. ಬೀದಿದೀಪ ಎಲ್ಲೋ ಒಂದು ಸಂದಿಯಿಂದ ಬಂದೇ ಬರುತ್ತದೆ. ಆ ಚೀಟಿ ಹಿಡಿದು ಭಾನುವಾರ ಬೆಳಿಗ್ಗೆ ಮನೆಗೆ ಬಾ. ದೊಡ್ಡಮ್ಮ ಅಕ್ಕಿರೊಟ್ಟಿ ಮಾಡುತ್ತಾಳೆ, ತಿಂದು ಕೂತು ಯಂತ್ರ ಆರಿಸೋಣ.